ಬಿಳಿ ಡಬ್ಬಿ ಹೇಳಿದ ಹವಾಮಾನ

ಮಾಘದ ಚಳಿ ಇನ್ನೂ ಪೂರ್ತಿ ಬಿಟ್ಟಿಲ್ಲ. ಬೆಳಿಗ್ಗೆ ಆರೂವರೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಗಾಡಿಗಳ ಸಾಲು ಕಟ್ಟುವ ಮುಂಚಿನ ಒಂದಿಷ್ಟು ಬಿಡುವು. ಟೆಕ್ ಪಾರ್ಕಿನ ಗೇಟಿನಾಚೆ ಸೈಕಲ್ಲಿನ ಚಹಾದವನು ಕ್ಯಾನಿನಿಂದ ಪೇಪರ್ ಕಪ್ಪಿಗೆ ಚಹಾ ಬಗ್ಗಿಸುತ್ತಿದ್ದಾನೆ. ರಾತ್ರಿ ಪಾಳಿ ಮುಗಿಸಿದ ಹುಡುಗ ಹುಡುಗಿಯರು ಜಾಕೆಟ್ಟಿನ ಟೋಪಿ ಎಳೆದುಕೊಂಡು ಕ್ಯಾಬಿಗೆ ಕಾಯುತ್ತ ನಿಂತಿದ್ದಾರೆ. ಹೊರಗೆ 17 ಡಿಗ್ರಿ. ಇಂಥ ಹವೆಯಲ್ಲಿ ಕಿಟಕಿ ತೆರೆದಿಟ್ಟರೆ ಸಾಕು, ಮನೆಯೆಲ್ಲ ತಂಪು. ಆದರೆ ಅವರ ಬೆನ್ನ ಹಿಂದಿರುವ ಹನ್ನೆರಡು ಮಹಡಿಯ ಗಾಜಿನ ಕಟ್ಟಡದಲ್ಲಿ ತೆರೆಯಬಹುದಾದ ಕಿಟಕಿ ಒಂದೂ ಇಲ್ಲ.

ಆ ಕಟ್ಟಡಕ್ಕೆ ಉಸಿರು ಕೊಡುವವರು ನೆಲದಡಿಯಲ್ಲಿದ್ದಾರೆ. ಎರಡನೇ ಬೇಸ್‌ಮೆಂಟಿನ ಪಾರ್ಕಿಂಗ್ ಕಂಬಗಳನ್ನು ದಾಟಿ, ದಪ್ಪ ಪೈಪುಗಳ ಕೆಳಗೆ ತಲೆ ತಗ್ಗಿಸಿ ನಡೆದರೆ ಒಂದು ಕಬ್ಬಿಣದ ಬಾಗಿಲು. ಒಳಗಿರುವುದು ಬಿಎಂಎಸ್ ರೂಮು. ಇಡೀ ಕಟ್ಟಡದ ಗಾಳಿ, ನೀರು, ಬೆಳಕಿನ ಲೆಕ್ಕ ಇಲ್ಲಿಗೇ ಬಂದು ಸೇರುತ್ತದೆ. ಗೋಡೆಯಲ್ಲಿ ಧರ್ಮಸ್ಥಳದ ಮಂಜುನಾಥಸ್ವಾಮಿಯ ಕ್ಯಾಲೆಂಡರು, ಮೇಜಿನ ಮೇಲೆ ನಾಲ್ಕು ಮಾನಿಟರು, ಬೈಂಡು ಕಿತ್ತ ಲಾಗ್ ಬುಕ್ಕು, ಚಾರ್ಜಿಗಿಟ್ಟ ವಾಕಿಟಾಕಿಗಳು. ಪಕ್ಕದ ಹಾಲಿನಲ್ಲಿ ಚಿಲ್ಲರುಗಳು. ಆಯುಧಪೂಜೆಯ ದಿನ ಅವುಗಳ ಪ್ಯಾನಲ್ಲಿಗೆ ಇಟ್ಟ ಅರಿಸಿನ ಕುಂಕುಮ ಇನ್ನೂ ಮಾಸಿಲ್ಲ.

ಶಿಫ್ಟ್ ಸೂಪರ್‌ವೈಸರ್ ಮಂಡ್ಯದ ಕಡೆಯವರು. ತಲೆ ನೆರೆತಿರುವುದು ಇದೇ ಕೆಲಸದಲ್ಲಿ. ಅವರು ಮೌಸ್ ಒಂದು ಸಲ ಒತ್ತುತ್ತಾರೆ, ಪಕ್ಕದ ಹಾಲಿನಲ್ಲಿ ಪಂಪು ಗೊರ್ ಎನ್ನುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಚಿಲ್ಲರ್ ತನ್ನ ದನಿ ಸೇರಿಸುತ್ತದೆ. 7 ಡಿಗ್ರಿಗೆ ತಂಪಾದ ನೀರು ಕಪ್ಪು ಹೊದಿಕೆಯ ಪೈಪಿನಲ್ಲಿ ಮೇಲೇರಿ, ಮಹಡಿ ಮಹಡಿಯ ಬಿಸಿಯನ್ನು ಹೊತ್ತುಕೊಂಡು ಸುಮಾರು 12 ಡಿಗ್ರಿಯಾಗಿ ಇಳಿದು ಬರುತ್ತದೆ. ಆ ಬಿಸಿಯನ್ನು ತಾರಸಿಯ ಮೇಲಿನ ಕೂಲಿಂಗ್ ಟವರ್ ಬಯಲಿಗೆ ಚೆಲ್ಲುತ್ತದೆ. ಪ್ರತಿ ಮಹಡಿಯಲ್ಲೂ ಒಂದು ಎಎಚ್‌ಯು ಕೋಣೆಯಿದೆ. ಅಲ್ಲಿನ ದೊಡ್ಡ ಫ್ಯಾನು ತಣ್ಣೀರಿನ ಸುರುಳಿಗಳ ಮೇಲೆ ಗಾಳಿ ಹಾಯಿಸಿ ಡಕ್ಟಿಗೆ ತಳ್ಳುತ್ತದೆ. ಡಕ್ಟಿನ ಕವಲುಗಳಲ್ಲಿರುವ ಡ್ಯಾಂಪರುಗಳು ತೆರೆದೋ ಮುಚ್ಚಿಯೋ ಯಾವ ಮೂಲೆಗೆ ಎಷ್ಟು ಗಾಳಿ ಎಂಬುದನ್ನು ಹಂಚುತ್ತವೆ. ಎಷ್ಟು ತೆರೆಯಬೇಕು ಎಂದು ಡ್ಯಾಂಪರಿಗೆ ಅಪ್ಪಣೆ ಕೊಡುವುದು ಮಾತ್ರ ಗೋಡೆಗೆ ಅಂಟಿಸಿದ, ಅಂಗೈಯಲ್ಲಿ ಮುಚ್ಚಿಹೋಗುವ ಒಂದು ಬಿಳಿ ಡಬ್ಬಿ.

ಮಾನಿಟರಿನಲ್ಲಿ ಮಹಡಿಯ ನಕ್ಷೆ. ಅದರ ಮೇಲೆ ಚುಕ್ಕಿಗಳು, ಒಂದೊಂದು ಚುಕ್ಕಿಯೂ ಒಂದೊಂದು ಡಬ್ಬಿ. ಹಸಿರಾದರೆ ಹಿತ, ನೀಲಿಯಾದರೆ ಚಳಿ, ಕೆಂಪಾದರೆ ಸೆಖೆ. ಒಂದೆರಡು ಮಾತ್ರ ಬೂದು ಬಣ್ಣದವು.

“ಬೂದು ಅಂದ್ರೆ ಮಾತು ಬಿಟ್ಟೈತೆ ಅಂತ ಸಾ. ಒಂದೋ ಬ್ಯಾಟರಿ ಹೋಗಿರ್ಬೇಕು, ಇಲ್ಲಾಂದ್ರೆ ಯಾರೋ ಕಿತ್ತು ಡ್ರಾಯರಿಗೆ ಹಾಕಿರ್ಬೇಕು,” ಎಂದು ಸೂಪರ್‌ವೈಸರ್ ನಕ್ಕರು.

ಹತ್ತು ಗಂಟೆಯ ಹೊತ್ತಿಗೆ ಲಿಫ್ಟಿನ ಮುಂದೆ ಸಾಲು. ಒಳಗೆ ಹೋಗುವ ಒಬ್ಬೊಬ್ಬರೂ ಲ್ಯಾಪ್‌ಟಾಪ್ ಚೀಲದ ಜೊತೆಗೆ ಸುಮಾರು ನೂರು ವ್ಯಾಟ್ ಶಾಖವನ್ನೂ ಹೊತ್ತುಕೊಂಡೇ ಹೋಗುತ್ತಾರೆ. ಸುಮ್ಮನೆ ಕೂತ ಮನುಷ್ಯನ ಮೈ ಹೊರಹಾಕುವ ಬಿಸಿ ಅಷ್ಟು. ನಾಲ್ಕನೇ ಮಹಡಿಯ ಪೂರ್ವದ ಗಾಜಿಗೆ ಬಿಸಿಲು ನೇರ ಬಡಿಯುತ್ತಿದೆ. ಪಶ್ಚಿಮದ ಕಡೆ ಇನ್ನೂ ಬೆಳಗಿನ ಥಂಡಿ. ಹತ್ತು ಇಪ್ಪತ್ತಕ್ಕೆ ಮೊದಲ ಟಿಕೆಟ್: ‘4ನೇ ಮಹಡಿ, ಪೂರ್ವ, ತುಂಬಾ ಚಳಿ’. ಹತ್ತು ಇಪ್ಪತ್ತೈದಕ್ಕೆ ಎರಡನೆಯದು: ‘4ನೇ ಮಹಡಿ, ಪೂರ್ವ, ಸೆಖೆ, ಕೂಡಲೇ ಗಮನಿಸಿ’.

“ಅಕ್ಕಪಕ್ಕದ ಸೀಟಿನೋರೇ ಇಬ್ರೂ,” ಎನ್ನುತ್ತ ಸೂಪರ್‌ವೈಸರ್ ಏಣಿ ತರಲು ಹುಡುಗನಿಗೆ ಸನ್ನೆ ಮಾಡಿದರು.

ಹುಡುಗ ರಾಯಚೂರಿನ ಕಡೆಯವನು. ಐಟಿಐ ಮುಗಿಸಿ ಬಂದವನು, ಬೆಲ್ಟಿಗೆ ಸ್ಕ್ರೂಡ್ರೈವರ್, ಜೇಬಿನಲ್ಲಿ ಬ್ಯಾಟರಿಗಳು. ನಾಲ್ಕನೇ ಮಹಡಿಯಲ್ಲಿ ದೂರು ಕೊಟ್ಟ ಹೆಣ್ಣುಮಗಳು ಶಾಲು ಹೊದ್ದು ಕೂತಿದ್ದಾರೆ. ತಲೆಯ ನೇರಕ್ಕೆ ಗಾಳಿ ಬೀಳುವ ಜಾಲರಿ. ಅದಕ್ಕೆ ಯಾರೋ ಎ4 ಹಾಳೆಯನ್ನು ಟೇಪು ಹಾಕಿ ಅಂಟಿಸಿದ್ದಾರೆ. ಅವರಿಂದ ಮೂರು ಕುರ್ಚಿ ಆಚೆ, ಗಾಜಿಗೆ ಬೆನ್ನು ಕೊಟ್ಟು ಕೂತವರು ತೋಳು ಮಡಚಿ, ಮೇಜಿನ ಮೇಲೆ ಪುಟ್ಟ ಯುಎಸ್‌ಬಿ ಫ್ಯಾನು ತಿರುಗಿಸಿಕೊಂಡಿದ್ದಾರೆ.

“ಮೇಡಂ ಹೇಳೋದೂ ಖರೇ ಅದ, ಸರ್ ಹೇಳೋದೂ ಖರೇ ಅದ್ರಿ,” ಎಂದ ಹುಡುಗ, ಕಂಬದತ್ತ ಬೆರಳು ಮಾಡಿ. ಕಂಬದ ಮೇಲೆ ಕಟ್ಟಡದಷ್ಟೇ ಹಳೆಯ ಥರ್ಮೋಸ್ಟಾಟ್. ಅದರ ಬುಡದಲ್ಲಿ ಆಮೇಲೆ ಯಾರೋ ತಂದಿಟ್ಟ ದೊಡ್ಡ ಪ್ರಿಂಟರು. ಪ್ರಿಂಟರಿನ ಬಿಸಿಯುಸಿರು ಥರ್ಮೋಸ್ಟಾಟಿಗೆ ಸದಾ ತಾಗುತ್ತದೆ. ಅದಕ್ಕೆ 27 ಡಿಗ್ರಿ ಕಂಡಾಗಲೆಲ್ಲ ಡ್ಯಾಂಪರ್ ಬಾಯಿ ತೆರೆದು ಶಾಲು ಹೊದ್ದವರ ನೆತ್ತಿಯ ಮೇಲೆ ತಣ್ಣನೆ ಗಾಳಿ ಸುರಿಯುತ್ತದೆ. ಗಾಜಿನ ಪಕ್ಕದವರಿಗೆ ಬಡಿಯುವ ಬಿಸಿಲು ಕಂಬದ ಲೆಕ್ಕಕ್ಕೇ ಬರುವುದಿಲ್ಲ. ಯಂತ್ರ ಕೆಟ್ಟಿಲ್ಲ, ಅಳತೆಯೂ ತಪ್ಪಿಲ್ಲ. ಅಳೆದ ಜಾಗದಲ್ಲಿ ಮನುಷ್ಯರಿರಲಿಲ್ಲ, ಅಷ್ಟೇ.

ಥರ್ಮೋಸ್ಟಾಟು ಕಂಬಕ್ಕೆ ಬಂದು ಕೂತದ್ದಕ್ಕೆ ಕಾರಣ ತಂತಿ. ಕೋಣೆಯ ಸುದ್ದಿಯನ್ನು ಯಂತ್ರದ ಮನೆಗೆ ಮುಟ್ಟಿಸುವ ಪಾಡು ಬಹಳ ಹಳೆಯದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರೆನ್ ಜಾನ್ಸನ್ ಎಂಬ ಮೇಷ್ಟ್ರಿದ್ದರು. ಕೋಣೆ ಬೆಚ್ಚಗಿದೆಯೋ ಇಲ್ಲವೋ ನೋಡಲು ಜವಾನ ಪಾಠದ ನಡುವೆ ಒಳಗೆ ಬರುತ್ತಿದ್ದ. ನೋಡಿಕೊಂಡು ನೆಲಮಾಳಿಗೆಗೆ ಇಳಿದು ಒಲೆಯ ಬಿಸಿ ಹೆಚ್ಚುಕಡಿಮೆ ಮಾಡುತ್ತಿದ್ದ. ಈ ಓಡಾಟ ತಪ್ಪಿಸಲೆಂದು ಜಾನ್ಸನ್ ಕೋಣೆಯ ಶಾಖವನ್ನು ಕರೆಂಟಿನ ಗಂಟೆಯ ಮೂಲಕ ಕೆಳಗೆ ತಿಳಿಸುವ ಸಾಧನವೊಂದನ್ನು ಮಾಡಿ 1883ರಲ್ಲಿ ಪೇಟೆಂಟ್ ಪಡೆದರು. ಅದರ ಬೆನ್ನಿಗೇ 1885ರಲ್ಲಿ ಹುಟ್ಟಿದ ಅವರ ಕಂಪನಿ ಜಾನ್ಸನ್ ಕಂಟ್ರೋಲ್ಸ್ ಎಂಬ ಹೆಸರಿನಲ್ಲಿ ಇವತ್ತಿಗೂ ಕಟ್ಟಡಗಳ ಹವೆ ಕಾಯುವ ದೊಡ್ಡ ಹೆಸರುಗಳಲ್ಲೊಂದು. ಅಲ್ಲಿಂದಾಚೆ ನೂರು ವರ್ಷ ಕೋಣೆಯ ಸುದ್ದಿ ಕೆಳಗಿಳಿದದ್ದು ತಂತಿಯಲ್ಲಿ, ಇಲ್ಲವೇ ಗಾಳಿಯೊತ್ತಡದ ಸಣ್ಣ ಕೊಳವೆಗಳಲ್ಲಿ. ತಂತಿ ಎಳೆಯಬೇಕಾದರೆ ಗೋಡೆ ಕೊರೆಯಬೇಕು, ಪೈಪು ಹುಗಿಯಬೇಕು, ಗಾರೆ ಬಳಿಯಬೇಕು. ಹೀಗಾಗಿ ಎಲೆಕ್ಟ್ರಿಷಿಯನ್ನಿಗೆ ಕೈ ಎಟುಕುವ ಕಡೆಯೇ ಅಳತೆಯ ಜಾಗವಾಯಿತು: ಬಾಗಿಲ ಪಕ್ಕ, ಕಂಬದ ನಡು, ಸ್ವಿಚ್ ಬೋರ್ಡಿನ ಮೇಲೆ.

ಹುಡುಗ ಜೇಬಿನಿಂದ ಹೊಸ ಡಬ್ಬಿ ತೆಗೆದ. ಅದಕ್ಕೆ ತಂತಿಯಿಲ್ಲ. ಹಿಂದೆ ಡಬಲ್ ಸೈಡೆಡ್ ಟೇಪು, ಪಕ್ಕದಲ್ಲಿ ಕ್ಯೂಆರ್ ಚೀಟಿ. ಉಗುರಿನಲ್ಲಿ ಮುಚ್ಚಳ ಮೀಟಿ ಒಳಗನ್ನು ತೋರಿಸಿದ. ಬೆರಳುದ್ದದ ಹಸಿರು ಬೋರ್ಡು, ಅದರ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಮಣಿ. ಅದು ಥರ್ಮಿಸ್ಟರ್, ಬಿಸಿ ಏರಿದಂತೆ ಕರೆಂಟಿಗೆ ಒಡ್ಡುವ ತಡೆ ಇಳಿಯುತ್ತದೆ, ಆ ಇಳಿತವನ್ನೇ ಚಿಪ್ಪು ಡಿಗ್ರಿಯಾಗಿ ಓದಿಕೊಳ್ಳುತ್ತದೆ. ಪಕ್ಕದಲ್ಲಿ ಆರ್ದ್ರತೆ ಅಳೆಯುವ ಚೌಕ ಚಿಪ್ಪು. ಉಳಿದ ಜಾಗವನ್ನೆಲ್ಲ 3.6 ವೋಲ್ಟಿನ ಲಿಥಿಯಂ ಬ್ಯಾಟರಿ ತುಂಬಿಕೊಂಡಿದೆ.

ಟಾರ್ಚಿನಲ್ಲಿ ಹಾಕಿದರೆ ಕೆಲವೇ ಗಂಟೆ ಬಾಳುವಷ್ಟು ಶಕ್ತಿಯ ಬ್ಯಾಟರಿ ಇಲ್ಲಿ ವರ್ಷಗಟ್ಟಲೆ ಬರುವುದಕ್ಕೆ ಕಾರಣ, ಡಬ್ಬಿ ಬದುಕಿನ ಬಹುಪಾಲು ನಿದ್ದೆಯಲ್ಲಿರುತ್ತದೆ. ಕೆಲವು ನಿಮಿಷಕ್ಕೊಮ್ಮೆ ಏಳುತ್ತದೆ, ಅಳೆಯುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕಾರು ಅಂಕಿಗಳನ್ನು ರೇಡಿಯೋದಲ್ಲಿ ಕೂಗಿ ಹೇಳಿ ಮತ್ತೆ ಮಲಗುತ್ತದೆ. ಕಿವಿಗೊಟ್ಟು ಕಾದಿರಬೇಕಾದ ಕೆಲಸ ಫಾಲ್ಸ್ ಸೀಲಿಂಗಿನ ಮೇಲೆ ಕೂತ ಗೇಟ್‌ವೇಯದು. ಅದಕ್ಕೆ ಕರೆಂಟಿನ ಕನೆಕ್ಷನ್ ಇದೆ. ಬ್ಯಾಟರಿಯ ಗೊಡವೆಯೂ ಬೇಡ ಎನ್ನುವವರಿಗೆ ಇನ್ನೊಂದು ದಾರಿಯಿದೆ. ಜರ್ಮನಿಯಲ್ಲಿ 2001ರಲ್ಲಿ ಸೀಮೆನ್ಸ್‌ನಿಂದ ಹೊರಬಂದವರು ಕಟ್ಟಿದ ಎನ್‌ಓಷನ್ ಕಂಪನಿಯ ಸ್ವಿಚ್ಚಿಗೆ ತಂತಿಯೂ ಇಲ್ಲ, ಬ್ಯಾಟರಿಯೂ ಇಲ್ಲ. ಗುಂಡಿ ಒತ್ತುವ ಬೆರಳಿನ ಶಕ್ತಿಯಲ್ಲೇ ಅಷ್ಟಿಷ್ಟು ಕರೆಂಟು ಹುಟ್ಟಿ ಸಂದೇಶ ಹೊರಡುತ್ತದೆ.

ರೇಡಿಯೋದಲ್ಲಿ ಹೇಳುವುದು ಸುಲಭ, ಕೇಳಿಸುವುದು ಕಷ್ಟ. ಹುಡುಗ ಡಬ್ಬಿಯನ್ನು ಗಾಜಿನ ಚೌಕಟ್ಟಿನ ಹತ್ತಿರ ಹಿಡಿದು ಮೊಬೈಲ್ ನೋಡಿದ. “ಇಲ್ಲಿ ಸಿಗ್ನಲ್ ಬರವಲ್ದ್ರಿ. ಹಿಂದ ಕಬ್ಬಿಣದ ಬೀರು ಅದ.” ಎರಡು ಮಾರು ಸರಿದ, ಬಂತು. ಕಾಂಕ್ರೀಟು, ಲಿಫ್ಟಿನ ಬಾವಿ, ತಗಡಿನ ಸೀಲಿಂಗು, ನೀರು ತುಂಬಿದ ಕುಂಡದ ಗಿಡ, ನೀರು ತುಂಬಿದ ಮನುಷ್ಯರು, ಎಲ್ಲವೂ ರೇಡಿಯೋ ಅಲೆಗೆ ಅಡ್ಡವೇ. ಮೊದಲು ಈ ಕಟ್ಟಡದಲ್ಲಿದ್ದವು 2.4 ಗಿಗಾಹರ್ಟ್ಸ್‌ನ ಡಬ್ಬಿಗಳು. ವೈಫೈ, ಬ್ಲೂಟೂತ್ ಎಲ್ಲ ನೂಕಾಡುವ ದಾರಿ ಅದೇ. ಪ್ಯಾಂಟ್ರಿಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಅದೇ ಅಲೆಯ ಆಸುಪಾಸಿನಲ್ಲಿ.

“ಮಧ್ಯಾಹ್ನ ಒಂದೂವರೆ ಆಯ್ತು ಅಂದ್ರೆ ಸಾಕು, ಪ್ಯಾಂಟ್ರಿ ಪಕ್ಕದ್ದು ಮೂರೂ ಬೂದು ಆಗೋವು,” ಎಂದು ಸೂಪರ್‌ವೈಸರ್ ನೆನಪಿಸಿಕೊಂಡರು. “ಕೆಟ್ಟೋಗವೆ ಅಂತ ಬಿಚ್ಚಿ ಬಿಚ್ಚಿ ನೋಡೋದು. ಆಮೇಲೆ ಗೊತ್ತಾಯ್ತು, ಎಲ್ರೂ ಊಟದ ಡಬ್ಬಿ ಬಿಸಿ ಮಾಡ್ಕೊಳ್ಳೋ ಹೊತ್ತು ಅದು.”

ಹೊಸವು ಮಾತಾಡುವುದು 865ರಿಂದ 868 ಮೆಗಾಹರ್ಟ್ಸ್ ನಡುವೆ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವ ಪಟ್ಟಿ ಅದು. ಅಲೆ ಉದ್ದವಾದಷ್ಟೂ ಗೋಡೆ ದಾಟಿ ಹೋಗುವ ತಾಕತ್ತು ಹೆಚ್ಚು. ಪ್ಯಾಂಟ್ರಿಯ ಪಕ್ಕದ ಚುಕ್ಕಿಗಳು ಈಗ ಊಟದ ಹೊತ್ತಿನಲ್ಲೂ ಹಸಿರು.

ಗಾಜಿನ ಪಕ್ಕಕ್ಕೊಂದು, ಶಾಲು ಹೊದ್ದವರ ಮೇಜಿನ ಅಡ್ಡಗೋಡೆಗೊಂದು, ಎರಡು ಡಬ್ಬಿ ಅಂಟಿದವು. ಕಂಬದ ಥರ್ಮೋಸ್ಟಾಟಿನ ಅಧಿಕಾರವನ್ನು ಸೂಪರ್‌ವೈಸರ್ ಮೊಬೈಲಿನಲ್ಲೇ ಕಿತ್ತುಕೊಂಡರು. ಮೇಲಿನ ಜಾಲರಿಯ ಸದ್ದು ನಿಧಾನಕ್ಕೆ ಇಳಿಯಿತು. ಹೆಣ್ಣುಮಗಳು ತಲೆಯೆತ್ತಿ ನೋಡಿ, “ಎಷ್ಟು ದಿನ ಇರುತ್ತೆ ಇದು?” ಎಂದು ಕೇಳಿದರು. ಹಳೆಯ ಅನುಭವದ ಪ್ರಶ್ನೆ.

ಅವರ ಶಾಲಿಗೂ ಒಂದು ಚರಿತ್ರೆಯಿದೆ. ಆಫೀಸುಗಳಿಗೆ ಎಷ್ಟು ತಂಪು ಬೇಕು ಎಂದು ಲೆಕ್ಕ ಹಾಕುವ ಸೂತ್ರಗಳು ಬೇರು ಬಿಟ್ಟದ್ದು 1960, 70ರ ದಶಕದಲ್ಲಿ. ಆ ಲೆಕ್ಕದಲ್ಲಿ ಮೈಬಿಸಿಗೆ ಹಿಡಿದ ಅಂದಾಜು ಸುಮಾರು 70 ಕಿಲೋ ತೂಗುವ, ನಲವತ್ತರ ಪ್ರಾಯದ ಗಂಡಸಿನದು ಎಂದು ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ‘ನೇಚರ್ ಕ್ಲೈಮೇಟ್ ಚೇಂಜ್’ ಪತ್ರಿಕೆಯಲ್ಲಿ ಬರೆದರು. ಹಗುರ ಕೆಲಸ ಮಾಡುತ್ತ ಕೂತ ಹೆಂಗಸರ ಮೈ ಅದಕ್ಕಿಂತ ಕಡಿಮೆ ಬಿಸಿ ಹೊಮ್ಮಿಸುತ್ತದೆ, ಹಾಗಾಗಿ ಅವರಿಗೆ ಆ ತಂಪು ಚಳಿಯಾಗುತ್ತದೆ ಎಂಬುದು ಅವರ ವಾದ. ನಮ್ಮಲ್ಲೂ ಇಂಥ ಹುಡುಕಾಟ ನಡೆದಿದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೆಂಗಳೂರೂ ಸೇರಿದಂತೆ ಐದು ಊರುಗಳ ಆಫೀಸುಗಳಿಗೆ ಹೋಗಿ, ಕೂತವರನ್ನೇ ‘ಈಗ ಹೇಗನಿಸುತ್ತಿದೆ’ ಎಂದು ಕೇಳಿ, 6,330 ಉತ್ತರ ಕಲೆಹಾಕಿದರು. ಹೊರಗಿನ ಹವೆಗೆ ಒಗ್ಗಿದ ನಮ್ಮ ಜನ ಪರದೇಶದ ಸೂತ್ರ ಹೇಳುವುದಕ್ಕಿಂತ ಹೆಚ್ಚಿನ ಬಿಸಿಯಲ್ಲೂ ಹಾಯಾಗಿರುತ್ತಾರೆ ಎಂಬುದು ಅದರಿಂದ ಹೊರಟ ಮಾತು. ಅದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಗೂ ಸೇರಿತು. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2020ರ ಜನವರಿಯಿಂದ ಕೋಣೆಯ ಎಸಿಗಳು ಕಾರ್ಖಾನೆಯಿಂದ ಬರುವಾಗಲೇ 24 ಡಿಗ್ರಿಗೆ ನಿಂತಿರಬೇಕೆಂದು ಮಾಡಿತು. ಒಂದು ಡಿಗ್ರಿ ಏರಿಸಿದರೆ ಸುಮಾರು 6% ಕರೆಂಟು ಉಳಿಯುತ್ತದೆ ಎಂಬುದು ಬ್ಯೂರೋದ ಲೆಕ್ಕ. ಆದರೆ ಕಂಬದ ಮೇಲಿನ 24ಕ್ಕೂ ಕುರ್ಚಿಯ ಮೇಲಿನ 24ಕ್ಕೂ ಎಷ್ಟು ಅಂತರ ಎಂಬುದನ್ನು ನಾಲ್ಕನೇ ಮಹಡಿಯ ಶಾಲು ಹೇಳುತ್ತದೆ.

ಡಬ್ಬಿ ಕುರ್ಚಿಯ ಹತ್ತಿರ ಬಂದದ್ದೇ ತಡ, ಕುರ್ಚಿಯವರ ಆಟಗಳೂ ಶುರುವಾದವು. ಎಸಿ ಜೋರು ಬೇಕಾದವರು ಬಿಸಿ ಕಾಫಿಯ ಕಪ್ಪನ್ನು ಡಬ್ಬಿಯ ಬುಡಕ್ಕೆ ಇಡುತ್ತಾರೆ. ಕಡಿಮೆ ಬೇಕಾದವರು ಟಿಶ್ಯೂ ಒದ್ದೆ ಮಾಡಿ ಹೊದಿಸುತ್ತಾರೆ. ಬಿಎಂಎಸ್ ರೂಮಿನಲ್ಲಿ ಕೂತವರಿಗೆ ಇದು ಗೆರೆಯ ಆಕಾರದಲ್ಲೇ ಗೊತ್ತಾಗುತ್ತದೆ. “ರೂಮು ಬಿಸಿ ಆದ್ರೆ ಗೆರೆ ನಿಧಾನಕ್ಕೆ ಏರ್ತದೆ. ಕಾಫಿ ಆದ್ರೆ ಧಿಗ್ ಅಂತ ಎದ್ದು ನಿಂತ್ಕೊಳ್ತದೆ ಸಾ,” ಎಂದು ಸೂಪರ್‌ವೈಸರ್ ಪರದೆಯ ಮೇಲಿನ ಒಂದು ಗೋಪುರ ತೋರಿಸಿದರು.

ಮಧ್ಯಾಹ್ನ ಮೂರರ ಹೊತ್ತಿಗೆ ಆರನೇ ಮಹಡಿಯ ಕಾನ್ಫರೆನ್ಸ್ ರೂಮಿನಲ್ಲಿ ಹತ್ತು ಜನ. ಬಾಗಿಲು ಮುಚ್ಚಿದೆ, ಪರದೆಯ ಮೇಲೆ ಎಕ್ಸೆಲ್ ಹಾಳೆ, ಒಬ್ಬರು ಮಾತಾಡುತ್ತಿದ್ದಾರೆ, ಉಳಿದವರು ಆಕಳಿಸುತ್ತಿದ್ದಾರೆ. ಇದ್ದಕ್ಕಿದ್ದಂತೆ ದೀಪಗಳು ಆರಿದವು. ಯಾರೂ ಗಾಬರಿಯಾಗಲಿಲ್ಲ. ಹತ್ತೂ ಜನ ರೂಢಿಯಿಂದ ಕೈ ಮೇಲೆತ್ತಿ ಬೀಸಿದರು, ದೀಪ ಹತ್ತಿತು, ಎಕ್ಸೆಲ್ ಮುಂದುವರಿಯಿತು. ಸೀಲಿಂಗಿನಲ್ಲಿರುವ ಪಿಐಆರ್ ಸೆನ್ಸರಿಗೆ ಕಾಣುವುದು ಮನುಷ್ಯನಲ್ಲ, ಅಲುಗಾಡುವ ಮೈಬಿಸಿ. ಮಿಸುಕದೆ ಕೂತು ಕೇಳುವವರು ಅದರ ಪಾಲಿಗೆ ಇಲ್ಲವೇ ಇಲ್ಲ.

ಅದೇ ರೂಮಿನ ಗೋಡೆಯಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಡಬ್ಬಿಯೂ ಇದೆ. ಹೊರಗಿನ ಗಾಳಿಯಲ್ಲಿ ಅದು 420 ಪಿಪಿಎಂ ಚಿಲ್ಲರೆ, ಎಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅಷ್ಟು ಪಾಲು; ನಾವು ಬಿಡುವ ಉಸಿರಿನಲ್ಲಿ 40,000ದ ಆಸುಪಾಸು. ಹತ್ತು ಜನ ಬಾಗಿಲು ಹಾಕಿಕೊಂಡು ಕೂತರೆ ಒಂದು ಗಂಟೆಯೊಳಗೆ 1,500 ದಾಟುವುದು ಸಾಮಾನ್ಯ. ಜನ ತುಂಬಿದ ಕೋಣೆಗೆ 1,000 ಪಿಪಿಎಂ ಮಿತಿಯಿರಬೇಕು ಎಂದು ಮ್ಯೂನಿಕ್ ನಗರದ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ಆರೋಗ್ಯ ವಿಜ್ಞಾನಿ 1858ರಲ್ಲೇ ಹೇಳಿದ್ದರು. ಆ ಅಂಕಿ ಇವತ್ತಿಗೂ ಬಿಎಂಎಸ್ ಪರದೆಗಳಲ್ಲಿ ಕೆಂಪು ಗೆರೆಯಾಗಿ ಉಳಿದಿದೆ. ಆ ಗಾಳಿಯೇ ವಿಷವೆಂದಲ್ಲ, ಒಬ್ಬರ ಉಸಿರನ್ನು ಇನ್ನೊಬ್ಬರು ಎಷ್ಟು ಕುಡಿಯುತ್ತಿದ್ದೇವೆ ಎಂಬುದರ ಗುರುತು ಅದು. ಗೆರೆ ದಾಟಿದರೆ ಎಎಚ್‌ಯುವಿನ ಹೊರಗಾಳಿಯ ಡ್ಯಾಂಪರು ಇನ್ನಷ್ಟು ತೆರೆಯುತ್ತದೆ. ತೆರೆದಷ್ಟೂ ಹೊರಗಿನ ಬಿಸಿಗಾಳಿಯನ್ನು ತಂಪು ಮಾಡುವ ಕರೆಂಟಿನ ಖರ್ಚೂ ಏರುತ್ತದೆ. ಈ ಎರಡರ ಜಗ್ಗಾಟದಲ್ಲಿ ಡಬ್ಬಿಯೇ ತಕ್ಕಡಿಯ ಮುಳ್ಳು.

ಫೆಸಿಲಿಟಿ ಮ್ಯಾನೇಜರ್ ಮೇಡಂ ತಮ್ಮ ಕ್ಯಾಬಿನ್ನಿನಲ್ಲಿ ಒಂದು ಕರಪತ್ರ ತೋರಿಸಿದರು. ಪ್ರತಿ ಮೇಜಿನಡಿ ಒಂದು ಸೆನ್ಸರ್, ಯಾರ ಸೀಟು ಎಷ್ಟು ಹೊತ್ತು ಖಾಲಿ ಎಂಬ ಪಟ್ಟಿ, ಖಾಲಿ ಜಾಗಕ್ಕೆ ಎಸಿ ಬಂದ್. “ಕರೆಂಟು ಉಳಿಯೋದು ನಿಜ. ಆದರೆ ಮಾರನೇ ದಿನವೇ ಎಚ್‌ಆರ್‌ನವರು ಆ ಪಟ್ಟಿ ಕೇಳ್ತಾರೆ,” ಎಂದರು. ಹೀಗಾದದ್ದಿದೆ. 2016ರ ಜನವರಿಯಲ್ಲಿ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯ ವರದಿಗಾರರು ಒಂದು ಸೋಮವಾರ ಆಫೀಸಿಗೆ ಬಂದಾಗ ಮೇಜಿನಡಿ ಕರಿ ಪೆಟ್ಟಿಗೆಗಳು ಅಂಟಿದ್ದವು. ಕರೆಂಟು ಉಳಿಸಲೆಂದು ಆಡಳಿತ ಹೇಳಿದರೂ ಗದ್ದಲವೆದ್ದು ಅದೇ ದಿನ ಅವನ್ನು ಕೀಳಬೇಕಾಯಿತು. ಕುರ್ಚಿಗೆ ಎಷ್ಟು ಹತ್ತಿರ ಹೋದರೆ ಆರೈಕೆ, ಎಲ್ಲಿಂದ ಮುಂದೆ ಕಾವಲು ಎಂಬ ಗೆರೆಯನ್ನು ಯಾವ ಬಿಎಂಎಸ್ ಪರದೆಯೂ ತೋರಿಸುವುದಿಲ್ಲ. ಮೇಡಂ ತಮ್ಮ ಗೆರೆಯನ್ನು ನಾಲ್ಕೈದು ಸೀಟಿಗೊಂದು ಡಬ್ಬಿ ಎಂಬಲ್ಲಿಗೆ ಎಳೆದಿದ್ದಾರೆ. ಒಬ್ಬೊಬ್ಬರ ಲೆಕ್ಕ ಬೇಡ, ಗುಂಪಿನ ಹಿತ ಸಾಕು.

ಸೆನ್ಸರಿನ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕಾಗುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ ಹೈದರಾಬಾದಿನಲ್ಲಿ ಒಂದು ಕಟ್ಟಡವಿದೆ. ಇನ್ಫೋಸಿಸ್ ತನ್ನ ಪೋಚಾರಂ ಕ್ಯಾಂಪಸ್ಸಿನಲ್ಲಿ 2011ರಲ್ಲಿ ಮುಗಿಸಿದ ಅದರ ಅರ್ಧಕ್ಕೆ ಮಾಮೂಲಿ ಎಸಿ. ಇನ್ನರ್ಧಕ್ಕೆ ಚಾವಣಿಯ ಕಾಂಕ್ರೀಟಿನೊಳಗೆ ಹುಗಿದ ಕೊಳವೆಗಳಲ್ಲಿ ತಣ್ಣೀರು ಹರಿಸಿ, ಚಾವಣಿಯೇ ತಂಪು ಸೂಸುವಂತೆ ಮಾಡಿದ್ದಾರೆ. ಎರಡೂ ಪಾಲಿಗೆ ಬೇರೆ ಬೇರೆ ಮೀಟರು. ತಣ್ಣನೆ ಚಾವಣಿಯ ಪಾಲು ಸುಮಾರು 34% ಕಡಿಮೆ ಕರೆಂಟಿನಲ್ಲಿ ನಡೆಯಿತು. ಆದರೆ ಅಲ್ಲಿ ಆರ್ದ್ರತೆಯ ಅಳತೆ ಯಾಮಾರಿ ಚಾವಣಿ ಇಬ್ಬನಿಬಿಂದುವಿಗಿಂತ, ಎಂದರೆ ಗಾಳಿಯ ತೇವ ನೀರಾಗುವ ಮಟ್ಟಕ್ಕಿಂತ, ತಣ್ಣಗಾದರೆ ಸೀದಾ ಮೇಜಿನ ಮೇಲೆ ನೀರು ತೊಟ್ಟಿಕ್ಕುತ್ತದೆ, ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಗಾಳಿಯ ವಿಷಯದಲ್ಲಿ ಆಗುವ ತಪ್ಪು ಹಾಗೆ ಕಾಣುವುದಿಲ್ಲ.

ಏಳನೇ ಮಹಡಿಯಲ್ಲಿ ಆಗಿದ್ದು ಅಂಥದ್ದೇ. ಅದು ಅಮೆರಿಕದ ಗಿರಾಕಿಗಳ ಕರೆ ತೆಗೆದುಕೊಳ್ಳುವ ಮಹಡಿ. ಹಗಲು ಒಂದು ಪಾಳಿ, ರಾತ್ರಿ ಇನ್ನೊಂದು; ಭಾನುವಾರವೂ ಕುರ್ಚಿಗಳು ತಣ್ಣಗಾಗುವುದಿಲ್ಲ. ಕೆಲವು ವಾರಗಳಿಂದ ಅಲ್ಲಿನವರದು ಒಂದೇ ದೂರು: ತಲೆ ಭಾರ, ಗಾಳಿ ಕಟ್ಟಿದಂತೆ. ಪರದೆಯ ಮೇಲೆ ಎಲ್ಲ ಚುಕ್ಕಿಯೂ ಹಸಿರು. ಅತಿ ಜನಸಂದಣಿಯ ಹೊತ್ತಿನಲ್ಲೂ 870 ಪಿಪಿಎಂ, ಕೆಂಪು ಗೆರೆಯಿಂದ ಸಾಕಷ್ಟು ಕೆಳಗೆ. ಸೂಪರ್‌ವೈಸರಿಗೆ ಅನುಮಾನ ಹುಟ್ಟಿಸಿದ್ದು ಈ 870 ಅಲ್ಲ, ನಸುಕಿನ ನಾಲ್ಕು ಗಂಟೆಯ ಅಂಕಿ.

“ನೋಡಿ ಸಾ, ಇಲ್ಲಿ. ನಾಲ್ಕು ಗಂಟೇಲಿ 420 ತೋರಿಸ್ತಾ ಐತೆ. ಹೊರಗಿನ ಗಾಳಿ ಲೆಕ್ಕ ಅದು. ಆದ್ರೆ ಆ ಹೊತ್ನಲ್ಲಿ ನೂರು ಜನ ಕೂತು ಫೋನಲ್ಲಿ ಮಾತಾಡ್ತಾವ್ರೆ. ನೂರು ಜನ ಉಸಿರೇ ಬಿಡ್ತಿಲ್ವಾ?”

ಕಾರಣ ಡಬ್ಬಿಯ ಒಳಗಿನ ಒಂದು ಜಾಣತನ. ಈ ಸೆನ್ಸರು ಒಂದು ಪುಟ್ಟ ಕೊಳವೆಯೊಳಗೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹಾಯಿಸುತ್ತದೆ. ಇಂಗಾಲದ ಡೈಆಕ್ಸೈಡ್ 4.26 ಮೈಕ್ರೋಮೀಟರ್ ಉದ್ದದ ಅಲೆಯನ್ನು ನುಂಗುತ್ತದೆ. ಎಷ್ಟು ಬೆಳಕು ಕಮ್ಮಿಯಾಯಿತು ಎಂಬುದರಿಂದ ಎಷ್ಟು ಅನಿಲ ಎಂಬುದು ತಿಳಿಯುತ್ತದೆ. ವರ್ಷ ಕಳೆದಂತೆ ದೀಪ ಮಂಕಾಗಿ ಅಳತೆ ಜಾರುತ್ತದೆ. ಅದನ್ನು ತಾನೇ ತಿದ್ದಿಕೊಳ್ಳಲು ಡಬ್ಬಿಗೆ ಒಂದು ಪಾಠ ಹೇಳಿಕೊಟ್ಟಿರುತ್ತಾರೆ: ಒಂದೆರಡು ವಾರದಲ್ಲಿ ನೀನು ಕಂಡ ಅತಿ ಕಡಿಮೆ ಅಂಕಿಯೇ ಹೊರಗಿನ ಗಾಳಿ, ಅದನ್ನು 400ರ ಆಸುಪಾಸು ಎಂದು ಹಿಡಿದು ಲೆಕ್ಕ ಸರಿಮಾಡಿಕೋ. ಸಂಜೆ ಆರಕ್ಕೆ ಬೀಗ ಬೀಳುವ, ಶನಿವಾರ ಭಾನುವಾರ ಖಾಲಿಯಿರುವ ಆಫೀಸಿಗೆ ಇದು ಒಪ್ಪುವ ಪಾಠ. ಹಗಲು ರಾತ್ರಿ ಜನ ತುಂಬಿರುವ ಮಹಡಿಗೆ ಅಲ್ಲ. ಏಳನೇ ಮಹಡಿಯ ಡಬ್ಬಿ ಹೊರಗಿನ ಗಾಳಿಯನ್ನು ಕಂಡೇ ಇರಲಿಲ್ಲ. ನೂರು ಜನರ ಉಸಿರು ಬೆರೆತ ಗಾಳಿಯನ್ನೇ ಬಯಲ ಗಾಳಿ ಎಂದು ನಂಬಿ, ತನ್ನ ಸೊನ್ನೆಯನ್ನು ಅಲ್ಲಿಗೆ ಸರಿಸಿಕೊಂಡಿತ್ತು. ಅಮೆರಿಕದ ಹಗಲಿಗೆ ಬೆಂಗಳೂರಿನಲ್ಲಿ ರಾತ್ರಿ ಎದ್ದಿರುವ ಲೆಕ್ಕ ಅದನ್ನು ಮಾಡಿದವರ ಮನಸ್ಸಿನಲ್ಲಿ ಇರಲಿಲ್ಲ.

ಮಾರನೇ ಬೆಳಿಗ್ಗೆ ಹುಡುಗ ಏಳನೇ ಮಹಡಿಯ ಡಬ್ಬಿಗಳನ್ನೆಲ್ಲ ಕಿತ್ತು ಟ್ರೇನಲ್ಲಿ ಹಾಕಿಕೊಂಡು ತಾರಸಿಗೆ ಹತ್ತಿದ. ಕೂಲಿಂಗ್ ಟವರಿನ ತುಂತುರು ಒಂದು ಕಡೆ, ಡೀಸೆಲ್ ಜನರೇಟರಿನ ಹೊಗೆ ಕೊಳವೆ ಇನ್ನೊಂದು ಕಡೆ. ಎರಡನ್ನೂ ಬಿಟ್ಟು ಗಾಳಿ ಬೀಸುವ ಮೂಲೆ ಹುಡುಕಿ ಟ್ರೇ ಇಳಿಸಿದ. ತಾನೂ ದೂರ ಸರಿದು ನಿಂತ. ಹತ್ತಿರ ನಿಂತರೆ ತನ್ನ ಉಸಿರೇ ಲೆಕ್ಕ ಕೆಡಿಸುತ್ತದೆ. ಹತ್ತು ನಿಮಿಷ ಬಿಟ್ಟು ಮೊಬೈಲ್ ನೋಡಿ ಕೆಳಗೆ ಕೂಗಿದ.

“ಅಣ್ಣಾ, ನೂರಾ ತೊಂಬತ್ತು ತೋರಸ್ಲಾಕತ್ತದ!”

ವಾಕಿಟಾಕಿಯ ಆ ಕಡೆಯಿಂದ ಸೂಪರ್‌ವೈಸರ್ ನಕ್ಕ ಸದ್ದು. 190 ಪಿಪಿಎಂ ಗಾಳಿ ಇವತ್ತು ಭೂಮಿಯ ಮೇಲೆ ಯಾವ ಬಯಲಿನಲ್ಲೂ ಇಲ್ಲ. ಡಬ್ಬಿ 230ರಷ್ಟು ಕಡಿಮೆ ಹೇಳುತ್ತಿತ್ತು. ಹಾಗಾದರೆ ಪರದೆಯ 870 ನಿಜಕ್ಕೂ 1,100. ಹಸಿರು ಚುಕ್ಕಿ ಅಷ್ಟು ವಾರ ಕೆಂಪಾಗಿರಬೇಕಿತ್ತು. ಡ್ಯಾಂಪರು ಅದರ ಮಾತು ನಂಬಿ, ಹೊರಗಾಳಿಯನ್ನು ಹಿಡಿದಿಟ್ಟು ಕರೆಂಟು ಉಳಿಸುತ್ತ ಬಂದಿತ್ತು. ತಿಂಗಳ ವರದಿಯಲ್ಲಿ ಏಳನೇ ಮಹಡಿಗೆ ಉಳಿತಾಯದ ಮೆಚ್ಚುಗೆಯೂ ಸಿಕ್ಕಿತ್ತು.

ಬಯಲ ಗಾಳಿಯಲ್ಲಿ ಸೊನ್ನೆ ತಿದ್ದಿಸಿಕೊಂಡು, ತಾನೇ ತಿದ್ದಿಕೊಳ್ಳುವ ಪಾಠವನ್ನು ಮರೆಸಿಕೊಂಡು ಡಬ್ಬಿಗಳು ಗೋಡೆಗೆ ಮರಳಿದವು. ಹನ್ನೊಂದು ಗಂಟೆಗೆ ಏಳನೇ ಮಹಡಿಯ ಚುಕ್ಕಿಗಳು ಕೆಂಪಾದವು, ಎಎಚ್‌ಯು ಕೋಣೆಯಲ್ಲಿ ಹೊರಗಾಳಿಯ ಡ್ಯಾಂಪರು ಕಿರ್ ಎಂದು ತೆರೆಯಿತು. ಮೇಡಂ ಲೆಕ್ಕ ಹಾಕುತ್ತಿದ್ದರು. ಏಪ್ರಿಲ್ ಬಂದರೆ ಹೊರಗೆ 35 ಡಿಗ್ರಿ. ಅಷ್ಟೂ ಬಿಸಿಗಾಳಿ ತಂಪಾಗಬೇಕು. “ಮುಂದಿನ ರಿಪೋರ್ಟಿನಲ್ಲಿ ಏಳನೇ ಮಹಡಿ ಕೆಂಪು ಕಂಬ ಎತ್ತರಕ್ಕೆ ಏಳುತ್ತೆ. ಮೇಲಿನವರು ಯಾಕೆ ಅಂತ ಕೇಳ್ತಾರೆ.”

“ಜನ ಉಸಿರಾಡ್ತಾವ್ರೆ, ಅದುಕ್ಕೆ ಅನ್ನಿ ಮೇಡಂ,” ಎಂದರು ಸೂಪರ್‌ವೈಸರ್.

ಉಳಿಸಿ ಎನ್ನುವ ಸೆನ್ಸರನ್ನು ಕೊಳ್ಳಲು ಎಲ್ಲರೂ ತಯಾರು. ಖರ್ಚು ಮಾಡಿ ಎನ್ನುವ ಸೆನ್ಸರಿನ ಮಾತನ್ನು ನಡೆಸಿಕೊಡಲು ಕೆಳಗೆ ಕೂತವರಲ್ಲಿ ಒಬ್ಬರಿಗಾದರೂ ಗುಂಡಿಗೆ ಬೇಕು. ಮೇಡಂ ಮೇಜಿನ ಮೇಲೆ ನಿರ್ವಹಣೆಯ ಕಂಟ್ರಾಕ್ಟಿನ ನವೀಕರಣದ ಕಡತವೂ ಇತ್ತು. ಎಲ್ಲವೂ ವೈರ್‌ಲೆಸ್, ಎಲ್ಲವೂ ತಂತಾನೇ ನಡೆಯುವುದರಿಂದ ರಾತ್ರಿ ಪಾಳಿಯ ಒಬ್ಬ ಟೆಕ್ನಿಷಿಯನ್ನನ್ನು ಕೈಬಿಡಬಹುದು ಎಂದು ಅದರಲ್ಲಿ ಬರೆದಿತ್ತು. ಅವರು ಪೆನ್ನು ತೆಗೆದು ಆ ಸಾಲಿನ ಎದುರಿಗೆ ಬರೆದರು: ‘ಒಪ್ಪಿಲ್ಲ. 7ನೇ ಮಹಡಿಯ ಸೆನ್ಸರ್ ಕಡತ ನೋಡಿ.’